ಮೆಟಲ್ ಬ್ಯಾಂಡಿನ ಭವಿಷ್ಯ

ಲಾಸ್ ಏಂಜಲಿಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಆರ್ಮೇನಿಯನ್ ಹುಡುಗರು ಕಟ್ಟಿದ ಆ ಹೆವಿ ಮೆಟಲ್ ಬ್ಯಾಂಡಿಗೆ ಇಪ್ಪತ್ತೆರಡು ವರ್ಷ. ಹಾಡುವ ವಾಹೆಯೂ ಗಿಟಾರ್ ನುಡಿಸುವ ಹ್ರಾಂತನೂ ಮಾತು ಬಿಟ್ಟು ಆರು ವರ್ಷ. ಬ್ಯಾಂಡ್ ಮುಚ್ಚುವ ಪತ್ರಕ್ಕೆ ಸಹಿ ಹಾಕಬೇಕಿದ್ದ ದಿನ ಹ್ರಾಂತನ ಅಜ್ಜಿ ಇಬ್ಬರನ್ನೂ ಮನೆಗೆ ಕರೆಸಿದರು.

“ಕಾಫಿ ಕುಡಿದು ಹೋಗಿ. ನಿಮ್ಮ ಮೊದಲನೇ ಆಲ್ಬಮ್ಮಿಗೂ ಕಪ್ ನೋಡಿ ಹೇಳಿದವಳು ನಾನೇ.”

ಕುಡಿದ ಕಪ್ಪನ್ನು ಬೋರಲು ಹಾಕಿ, ಒಳಗೆ ಅಂಟಿದ ಗಸಿಯ ಗೆರೆಗಳಲ್ಲಿ ಭವಿಷ್ಯ ಓದುವುದು ಅವರ ಮನೆಗಳ ವಾಡಿಕೆ. ಅಜ್ಜಿ ಮೊದಲು ವಾಹೆಯ ಕಪ್ಪನ್ನು ಎತ್ತಿದರು.

“ದೊಡ್ಡ ರಸ್ತೆ ಇದೆ. ಜನವೋ ಜನ. ನಿನ್ನ ಪಕ್ಕ ಒಬ್ಬ ಗಿಟಾರ್ ಹಿಡ್ಕೊಂಡು ನಿಂತಿದಾನೆ.”

“ಯಾರಂತೆ?” ವಾಹೆ ಮುಖ ತಿರುಗಿಸಿಕೊಂಡೇ ಕೇಳಿದ.

“ಮೂಗು ನೋಡಿದ್ರೆ ನಮ್ಮ ಮನೆಯವನೇ.”

ಹ್ರಾಂತನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಅವನ ಕಪ್ಪಿಗೆ ಬಂದರು. “ಇಲ್ಲಿ ಗಡ್ಡದವನೊಬ್ಬ ಕಿರುಚ್ತಿದಾನೆ. ಊರಿಗೆಲ್ಲ ಕೇಳ್ತಿದೆ. ಸಹಿ ಗಿಹಿ ಏನೂ ಕಾಣ್ತಿಲ್ಲಪ್ಪ.”

ವಾಹೆ ತನ್ನ ಗಡ್ಡ ಸವರಿಕೊಂಡ. “ಕಪ್ಪೇ ಹೇಳಿದ ಮೇಲೆ ಇನ್ನೇನು!” ಎಂದು ಕೈ ಚಾಚಿದ. ಹ್ರಾಂತ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇವತ್ತು ಬರುವುದಿಲ್ಲವೆಂದು ವಕೀಲರಿಗೆ ಫೋನ್ ಹೋಯಿತು.

ಗೇಟು ದಾಟಿದ ಮೇಲೆ ವಾಹೆ ದನಿ ತಗ್ಗಿಸಿದ. “ನಿನ್ನ ಕಪ್ಪಲ್ಲೂ ಏನೂ ಇರ್ಲಿಲ್ಲ ಅಲ್ವಾ?”

“ಇನ್‌ಸ್ಟಂಟ್ ಕಾಫೀಲಿ ಗಸಿ ಎಲ್ಲಿರತ್ತೆ? ಅಜ್ಜಿಗೆ ಮಾತ್ರ ಹೇಳ್ಬೇಡ ಕಣೋ.”