ಹಿತ್ತಿಲ ಕೋಣೆಯ ಪೇಯಿ

"ಆ ಕದ ತೆಗಿ, ನೋಡಾನ! ಪೇಯಿ ಇಲ್ಲಾಂದ್ರೆ ಕಾಲೇಜ್ಗೆ ಹೋಗು. ಇತ್ತೋ, ಪೊಂಗಲ್ ಆಗ್ತಿದ್ದಂಗೆ ತೈ ತಿಂಗಳ್ಲೇ ಕಲ್ಯಾಣ!"

ಮಗಳು ಪಂಕಜಂಗೆ ಹೀಗೆ ಸವಾಲು ಹಾಕಿದ ತಿರುಮಲೈಸಾಮಿ ತಾನು ಮಾತ್ರ ಬಾವಿಕಟ್ಟೆ ಬಿಟ್ಟು ಕದಲಲಿಲ್ಲ.

ಸೋಮನೂರಿನ ಆ ಮನೆಯ ಹಿತ್ತಿಲಲ್ಲಿ ಹಳೆಯ ಮಗ್ಗದ ಕೋಣೆಯೊಂದಿತ್ತು. ಅಲ್ಲಿ ಪವರ್‌ಲೂಮ್ ಹಾಕಬೇಕೆಂದು ಅವನಿಗೆ ಆಸೆ. ಆಷಾಢದ ಆಡಿ ತಿಂಗಳಿನಿಂದ ಒಳಗೆ ಹೆಣ್ಣು ದೆವ್ವ, ಅವರ ಮಾತಿನ ಪೇಯಿ, ಸೇರಿಕೊಂಡಿದೆಯೆಂದು ಹೆಂಡತಿ ರಾಮಾಯಿ ಬೀಗ ಹಾಕಿದ್ದಳು. ಹೊತ್ತುಹೊತ್ತಿಗೆ ಎಡೆ ಇಟ್ಟು ಬರುತ್ತಿದ್ದಳು. ಆ ಎಡೆಯ ಹತ್ತಿರ ಗಂಡಸರು ಸುಳಿಯುವಂತಿಲ್ಲ, ಅದು ಹಿಂದಿನಿಂದ ಬಂದ ಪದ್ಧತಿ. ತಟ್ಟೆ ಬರಿದಾಗಿ ಬರುತ್ತಿತ್ತು. ಒಳಗಿನ ಅಳುವನ್ನು ತಿರುಮಲೈಸಾಮಿಯೇ ಕಿವಿಯಾರೆ ಕೇಳಿದ್ದ.

ದೀಪಾವಳಿ ರಜೆಗೆ ಕೊಯಮತ್ತೂರಿನ ಹಾಸ್ಟೆಲಿನಿಂದ ಬಂದ ಪಂಕಜಂಗೆ ಇದೆಲ್ಲ ಕೇಳಿ ಮೈ ಉರಿದುಹೋಯಿತು. ಇಂಗ್ಲಿಷ್ ಮೇಡಂ ಮೊನ್ನೆಯಷ್ಟೇ ಒಂದು ಅಪರೂಪದ ಪದ ಹೇಳಿಕೊಟ್ಟಿದ್ದರು: ಟೆರಿಕ್ಯುಲಮೆಂಟ್. ಗುಮ್ಮ, ಬೆದರುಬೊಂಬೆ, ಹೆದರಿಸುವುದೆಲ್ಲ ಅದರಲ್ಲಿ ಬಂತು. ಬೇರು ಲ್ಯಾಟಿನ್ನಿನ 'ಟೆರೇರೆ', ಅಂದರೆ ಹೆದರಿಸು. ಹಿಂದೆ ಅಂಟಿದ ಬಾಲಕ್ಕೆ ಸಾಧನವೆಂದು ಅರ್ಥ. ಅಂದಮೇಲೆ ಗುಮ್ಮ ತಾನಾಗಿ ಹುಟ್ಟುವುದಿಲ್ಲ, ಯಾರೋ ಕೂತು ಮಾಡಿಡುತ್ತಾರೆ.

"ಇದು ಯಾರೋ ಮಾಡಿಟ್ಟಿದ್ದಮ್ಮಾ!"

"ಮಾಡಿದ್ರೆ ಮಾಡ್ಲಿ ಮಗಾ. ನಿನ್ ಕಾಲು ಹಿಡೀತೀನಿ, ತೆಗೀಬೇಡ."

ಅಮ್ಮನ ಅಂಜುಬುರುಕುತನ ಕಂಡು ಪಂಕಜಂಗೆ ನಾಚಿಕೆಯೇ ಆಯಿತು. ಮದುವೆಗೆ ಕುತ್ತಿಗೆ ಒಡ್ಡಲು ಅವಳು ತಯಾರಿರಲಿಲ್ಲ. ಗಂಡನ ಹೊಡೆತ ತಾಳದೆ ಅಕ್ಕ ಸೌಂದರಂ ಎರಡು ಸಲ ಓಡಿಬಂದಿದ್ದಳು. ಎರಡು ಸಲವೂ ಅಪ್ಪನೇ ಎಳೆದೊಯ್ದು ಅಲ್ಲಿಗೇ ಬಿಟ್ಟುಬಂದಿದ್ದ. ಮೂರನೆಯ ಸಲ ಓಡಿದವಳು ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದ್ದಾಳೆಂದು ಊರೆಲ್ಲ ಮಾತು. ತನಗೆ ಆ ಗತಿ ಬೇಡ. ಓದಬೇಕು, ಅಷ್ಟೇ.

ಪಂಕಜಂ ದಾವಣಿಯ ಸೆರಗು ಬಿಗಿದಳು. ಅಮ್ಮನ ಸೊಂಟದಿಂದ ಕೀಲಿ ಕಿತ್ತುಕೊಂಡಳು. ಬೀಗ ತೆಗೆದು ಕದ ನೂಕಿ ಒಳಗೆ ಇಣುಕಿದಳು.

ಮರುಗಳಿಗೆಯಲ್ಲೇ ಕದ ಎಳೆದು, ಬೀಗ ಜಡಿದು, ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

"ಪೇಯಿ! ಅಪ್ಪಾ, ಇತ್ಲಾಗೆ ಬರ್ಬೇಡ! ತೈ ತಿಂಗಳ್ಲೇ ಗಂಡು ನೋಡು, ಈ ಕದ ಮಾತ್ರ ಮುಟ್ಬೇಡ!"

ತಿರುಮಲೈಸಾಮಿ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಟ ಕಿತ್ತ.

ಪಂಕಜಂ ಅಮ್ಮನ ಕೈಗೆ ಕೀಲಿ ತುರುಕಿ, ಕಿವಿಯಲ್ಲಿ ಪಿಸುಗುಟ್ಟಿದಳು: "ಅಕ್ಕಂಗೆ ಮಗು ಯಾವಾಗ ಹುಟ್ತಮ್ಮಾ?"