ಹೊಟ್ಟೆಪಟ್ಟಿ

"ಎತ್ತಿ ನೋಡಿ ಅತ್ತಿಗೆ, ಒಂದು ಮೂಲಂಗಿಯಷ್ಟೂ ಭಾರ ಇಲ್ಲ," ಎನ್ನುತ್ತ ಕ್ಯಾಮೆರಾ ಅಂಗಡಿಯ ಕುಮಾಗಾಯಿ ಹೊಸ ಟೆಲಿ ಲೆನ್ಸನ್ನು ಹಿಸಾಯೊಳ ಕೈಗಿತ್ತ. ಅವಳು ಕಿಟಕಿಯಾಚೆ, ಕುಶಿರೊ ಊರಿನ ಮೀನು ಮಾರುಕಟ್ಟೆಯ ಚಾವಣಿಯ ಮೇಲೆ ಕೂತಿದ್ದ ಹದ್ದಿಗೆ ಗುರಿಯಿಟ್ಟಳು. ಹದ್ದಿನ ಕಣ್ಣು ಕಂಡಿತು. ಕಂಡಿತು, ಅಷ್ಟೆ. "ಇದೇ ಇರ್ಲಿ. ನಮ್ಮವರ ಹಳೇದನ್ನ ಬದಲಿಗೆ ನೀವೇ ಇಟ್ಕೊಳ್ಳಿ."

ಗಂಡ ಮೊರಿಹಿಕೊ ತೀರಿಹೋಗಿ ಮೂರು ತಿಂಗಳಾಗಿತ್ತು. ಅವನು ತೆಗೆಯುತ್ತಿದ್ದ ಕೊಕ್ಕರೆಗಳ ಫೋಟೊವನ್ನು ಈ ಚಳಿಗಾಲ ತಾನೇ ತೆಗೆಯುವುದೆಂದು ಅವಳು ನಿರ್ಧರಿಸಿದ್ದಳು. ಅವನ ನಾಲ್ಕು ಕಿಲೋ ಲೆನ್ಸು ಅವಳ ಭುಜಕ್ಕಾಗದು ಎಂದಿದ್ದರು ಡಾಕ್ಟರು. ಕುಮಾಗಾಯಿ ಅದರ ಚೀಲದ ಜಿಪ್ಪು ಎಳೆದ. ಲೆನ್ಸಿನ ಸುತ್ತ ಕಂದು ಉಣ್ಣೆಯ ಪಟ್ಟಿಯೊಂದು ಬಿಗಿಯಾಗಿ ಕೂತಿತ್ತು. ಅದರೊಳಗೆ, ಹಿಮದಲ್ಲಿ ಗಾಜು ಮಬ್ಬಾಗದಿರಲೆಂದು ಸಿಕ್ಕಿಸಿದ್ದ, ಬಿಸಿ ಕೊಡುವ ಪುಟ್ಟ ಪೊಟ್ಟಣ ಈಗ ಆರಿ ಕಲ್ಲಾಗಿತ್ತು.

ಆಪರೇಷನ್ ಆದ ಮೇಲೆ ಅವನ ಹೊಟ್ಟೆ ಬೆಚ್ಚಗಿರಲೆಂದು ಅವಳೇ ಹೆಣೆದ ಪಟ್ಟಿ. ರೈಲಲ್ಲಿ ಕಳೆದುಹೋಯಿತು ಎಂದಿದ್ದ. ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

"'ನನ್ ಹೊಟ್ಟೆ ಹಾಳಾಗ್ಲಿ, ಇದಕ್ಕೆ ಥಂಡಿ ಆಗ್ಬಾರ್ದು ಕಣೋ' ಅಂತಿದ್ದ ಪುಣ್ಯಾತ್ಮ," ಎಂದು ನಕ್ಕ ಕುಮಾಗಾಯಿ.

ಹಿಸಾಯೊ ಅಳಲಿಲ್ಲ. ಪಟ್ಟಿಯನ್ನು ಬಿಡಿಸಿ ಹೊಸ ಲೆನ್ಸಿಗೆ ತೊಡಿಸಿ, ಎತ್ತಿ ಹಿಡಿದಳು. ಪಟ್ಟಿ ಸಡಿಲವಾಗಿ ಜಾರಿ ಮೇಜಿನ ಮೇಲೆ ಬಿತ್ತು. ಮತ್ತೆ ತೊಡಿಸಿದಳು. ಮತ್ತೆ ಜಾರಿತು.

"ಕುಮಾಗಾಯಿಯವ್ರೇ," ಎಂದಳು, "ಇದಕ್ಕಿಂತ ದಪ್ಪದ ಲೆನ್ಸ್ ಯಾವ್ದಾದ್ರೂ ಇದ್ರೆ ತೋರ್ಸಿ."