ಕನ್ನಡಿ ಹಿಡಿದವಳು

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ಅವಳು ಅವನು ಬರೆದ ಚಿತ್ರಗಳ ಮುಂದೆ ನಿಂತಳು. ಜೀವಮಾನವಿಡೀ ಅವನು ಬರೆದದ್ದು ತನ್ನ ಮುಖವನ್ನೇ. "ನಾನು ಯಾರು ಅಂತ ಹುಡುಕ್ತಿದ್ದೀನಿ ಕಣೇ, ಅಲುಗಾಡಿಸ್ಬೇಡ" ಎನ್ನುತ್ತಿದ್ದ. ಕೈ ಜೋಮು ಹಿಡಿದರೂ ಅವಳು ಅವನೆದುರು ಕನ್ನಡಿ ಹಿಡಿದೇ ಇರುತ್ತಿದ್ದಳು.

ಎಲ್ಲಾದರೂ ತನ್ನನ್ನೂ ಬರೆದಿರಬಹುದೇ ಎಂದು ಒಂದೊಂದನ್ನೇ ನೋಡಿದಳು. ಕನ್ನಡಿಯ ಅಂಚು ಹಿಡಿದ ಅವಳ ಬೆರಳುಗಳಿರಬೇಕಾದಲ್ಲಿ ಅವನು ಮರದ ಚೌಕಟ್ಟು ಬರೆದಿದ್ದ.

ಆ ಕನ್ನಡಿಯನ್ನು ಅವನು ಕೆಳಮಹಡಿಯ ಕ್ಷೌರದಂಗಡಿಯಿಂದ ಕೇಳಿ ತಂದಿದ್ದ. ಅವಳು ಅದನ್ನು ಹೊತ್ತು ಮೆಟ್ಟಿಲಿಳಿದಳು.

"ಇದಿಲ್ದೆ ನನ್ನ ಗಿರಾಕಿಗಳು ಅರ್ಧ ಮುಖ ನೋಡ್ಕೊಂಡೇ ಹೋಗ್ತಿದ್ರು. ಪರ್ವಾಗಿಲ್ಲ, ನಿಮ್ಮ ಯಜಮಾನ್ರ ನೆನಪಿಗೆ ಇಟ್ಕೊಳ್ಳಮ್ಮ," ಎಂದ ಕ್ಷೌರಿಕ.

"ಬೇಡಣ್ಣ. ನಾನು ನೋಡಿದ್ದು ಇದರ ಬೆನ್ನು ಮಾತ್ರ," ಎಂದು ಅವಳು ಕನ್ನಡಿಯನ್ನು ಅವನ ಕೈಗಿತ್ತಳು.